ಅಸಲಿ ವಾದ್ಯ ಯಾವುದು? ಬೀಳಗಿಯ ಅಮೀರಬಾಯಿಯ ಹಾಡು ಕೇಳಿ ಹೇಳಿ

ನಮ್ಮ ಬನಹಟ್ಟಿ, ರಬಕವಿ, ಜಮಖಂಡಿ ಕಡೆ ರಸಮಂಜರಿ ತಂಡಗಳಲ್ಲಿ ಕೀಬೋರ್ಡ್ ನುಡಿಸುವ ನಾಲ್ಕು ಜನ ಒಂದು ಕಡೆ ಕೂತರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಊಹಿಸೋದು ಕಷ್ಟವಲ್ಲ. ಯಾವ ಕೀಬೋರ್ಡ್ ಬೆಸ್ಟ್? ಒಬ್ಬರಿಗೆ ಯಮಹಾದ ಪಿಎಸ್‌ಆರ್-ಐ ಸರಣಿಯೇ ದೇವರು, ಯಾಕಂದ್ರೆ ತಬಲಾ ತಾಳ ಒಳಗೇ ಇರುತ್ತೆ. ಇನ್ನೊಬ್ಬರು ರೋಲ್ಯಾಂಡ್ ಬಿಟ್ಟು ಮಾತಾಡಲ್ಲ. ಮತ್ತೊಬ್ಬರಿಗೆ ಕೊರ್ಗ್ ಮುಂದೆ ಉಳಿದದ್ದೆಲ್ಲ ಆಟಿಕೆ. ಊರ ಜನಕ್ಕೆ ಮಾತ್ರ ಇವೆಲ್ಲವೂ ಒಂದೇ ಹೆಸರು: ಕ್ಯಾಸಿಯೊ. ಜಗಳ ಎಷ್ಟೇ ಬೆಳೆದರೂ ಕೊನೆಗೆ ಪರೀಕ್ಷೆ ಎರಡೇ. ಯಾವುದರಲ್ಲಿ ಪೇಟಿಯ ಟೋನ್ ಅಸಲಿ ಪೇಟಿಯ ಹಾಗೆ ಕೇಳುತ್ತೆ, ಯಾವುದರಲ್ಲಿ ಪುಂಗಿಯ ಟೋನ್ ಅಸಲಿ ಪುಂಗಿಯ ಹಾಗೆ ಕೇಳುತ್ತೆ ಅನ್ನೋದು.

ಎಲೆಕ್ಟ್ರಾನಿಕ್ಸ್ ಓದಿದವನಾದ್ದರಿಂದ ನಾನೂ ಇಂಥ ಜಗಳಕ್ಕೆ ಬಾಯಿ ಹಾಕೋದುಂಟು. ಈ ಕೀಬೋರ್ಡ್‌ಗಳಲ್ಲಿ ಬಹುಪಾಲು, ಕಟ್ಟುನಿಟ್ಟಾಗಿ ಹೇಳಿದರೆ, ದನಿಯನ್ನು ಹುಟ್ಟಿಸೋದೇ ಇಲ್ಲ. ಯಾರೋ ಎಲ್ಲೋ ರೆಕಾರ್ಡ್ ಮಾಡಿಟ್ಟ ದನಿಯ ತುಣುಕನ್ನು ಏರಿಸಿ ಇಳಿಸಿ ಕೊಡುತ್ತವೆ. ಅದನ್ನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ, ಹಾಕಿಕೊಳ್ಳಬೇಕಾಗಿಯೂ ಇಲ್ಲ. ನನ್ನನ್ನು ಕಾಡಿದ್ದು ಬೇರೆ ವಿಷಯ. ಇವತ್ತು ಅಸಲಿತನಕ್ಕೆ ಅಳತೆಗೋಲಾಗಿರುವ ಪೇಟಿ, ಅಂದರೆ ಹಾರ್ಮೋನಿಯಂ, ನೂರು ವರ್ಷದ ಹಿಂದೆ ಇದೇ ಸೀಮೆಯಲ್ಲಿ ನಕಲಿ ಅನ್ನಿಸಿಕೊಂಡಿದ್ದ ಯಂತ್ರ. ಅದು ವಿಲಾಯತಿ ಪೆಟ್ಟಿಗೆ, ಅದು ರಾಗ ಕೆಡಿಸುತ್ತೆ, ಅದನ್ನು ನುಡಿಸುವವರು ಸಂಗೀತಗಾರರೇ ಅಲ್ಲ ಅನ್ನುವ ವಾದ ದರಬಾರುಗಳಿಂದ ಆಕಾಶವಾಣಿಯವರೆಗೆ ನಡೆದಿತ್ತು. ಆ ವಾದ ನಡೆಯುತ್ತಿದ್ದ ಅಷ್ಟೂ ಕಾಲ, ಪೇಟಿಯ ಜೊತೆಯಲ್ಲೇ ಬೆಳೆದು, ಮೈಕಿನ ಮುಂದೆ ನಿಂತು, ಇಡೀ ದೇಶಕ್ಕೆ ಕೇಳಿಸಿದ ಹೆಂಗಸೊಬ್ಬರು ನಮ್ಮ ಬೀಳಗಿಯವರು. ಅಮೀರಬಾಯಿ ಕರ್ನಾಟಕಿ.

ಅವರು ಹುಟ್ಟಿದ್ದು ಇಪ್ಪತ್ತನೇ ಶತಮಾನ ಶುರುವಾದ ವರ್ಷಗಳಲ್ಲಿ, ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಆ ಕಾಲದ ನಕಾಶೆ ಒಮ್ಮೆ ನೋಡಬೇಕು. ಬೀಳಗಿ ಬ್ರಿಟಿಷರ ಮುಂಬೈ ಪ್ರಾಂತ್ಯದ್ದು. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದ್ದು. ಬನಹಟ್ಟಿ ಜಮಖಂಡಿಗೆ ಸೇರಿದರೆ, ಮಗ್ಗುಲಲ್ಲೇ ಇರುವ ರಬಕವಿ ಸಾಂಗ್ಲಿಗೆ ಸೇರಿತ್ತು. ಒಂದೆರಡು ದಿನದ ನಡಿಗೆಯ ದೂರದಲ್ಲಿ ನಾಲ್ಕು ಸರ್ಕಾರ! ಆದರೆ ಕಂಪನಿ ನಾಟಕದ ಡೇರೆಗೆ ಗಡಿ ಇರಲಿಲ್ಲ. ಮರಾಠಿ ಸಂಗೀತ ನಾಟಕವನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರೇ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಆ ನಾಟಕ ಇತ್ತ ಬಂತು, ಕನ್ನಡದ ಕಂಪನಿಗಳು ಎದ್ದವು. ಇನ್ನೊಂದು ಕಡೆ ಬಯಲಿನಲ್ಲಿ ಶ್ರೀಕೃಷ್ಣ ಪಾರಿಜಾತ ಇದ್ದೇ ಇತ್ತು; ಮುಧೋಳ ತಾಲ್ಲೂಕಿನ ಲೋಕಾಪುರದಂಥ ಊರುಗಳು ಇವತ್ತಿಗೂ ಅದಕ್ಕೆ ಹೆಸರುವಾಸಿ. ಅಮೀರಬಾಯಿಯ ಮನೆತನವೇ ಹಾಡು-ನಾಟಕದ್ದು. ಬಡ ಮುಸ್ಲಿಂ ಕುಟುಂಬ, ಮನೆ ತುಂಬ ಹೆಣ್ಣುಮಕ್ಕಳು, ಕೈಯಲ್ಲಿದ್ದ ಆಸ್ತಿ ಅಂದರೆ ಕಂಠ.

ಆ ಡೇರೆಯೊಳಗೆ ಪೇಟಿ ರಾಜನಾದದ್ದು ಹೇಗೆ ಅನ್ನೋದನ್ನು ಸ್ವಲ್ಪ ನಿಂತು ಹೇಳಬೇಕು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಂ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕುರ್ಚಿಯಲ್ಲಿ ಕೂತು ಕಾಲಿನಿಂದ ಗಾಳಿ ಒತ್ತುವ ಯಂತ್ರ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ಮಾಡಿದರು. ಕಂಪನಿಗಳಿಗೆ ಎರಡೂ ಬೇಕಾದವು, ಕಾಲಿನದ್ದು ಹೆಚ್ಚಾಗಿ. ಲೆಕ್ಕ ಸರಳ. ಮೈಕ್ ಇಲ್ಲ, ಸಾವಿರ ಜನ ಕೂತ ಡೇರೆ, ಹೊರಗೆ ಜಾತ್ರೆಯ ಗದ್ದಲ. ಸಾರಂಗಿಯ ದನಿ ಕೊನೇ ಸಾಲಿಗೆ ಮುಟ್ಟಲ್ಲ. ಮಳೆ ಬಂದರೆ, ಬಿಸಿಲು ಏರಿದರೆ ತಂತಿಯ ಶ್ರುತಿ ಇಳಿಯುತ್ತೆ. ಪೇಟಿಯ ಹಿತ್ತಾಳೆ ರೀಡಿಗೆ ಅಂಥ ತಂಟೆ ಕಡಿಮೆ. ಬೆಳತನಕ ನಾಟಕ ನಡೆದರೂ ಶ್ರುತಿ ಅಲ್ಲೇ ಇರುತ್ತೆ, ಮಾತಿನ ಮಧ್ಯೆ ನಟ ಥಟ್ಟನೆ ಹಾಡು ಎತ್ತಿಕೊಳ್ಳಬಹುದು. ಹೀಗಾಗಿ ಪೇಟಿ ಮಾಸ್ತರ ಬರೀ ವಾದ್ಯದವನಾಗಿ ಉಳಿಯಲಿಲ್ಲ. ಹಾಡು ಕಲಿಸುವವನು, ಮಟ್ಟು ಹಾಕುವವನು, ನಟಿಯ ಉಸಿರು ತಪ್ಪಿದರೆ ಎತ್ತಿ ಹಿಡಿಯುವವನೂ ಅವನೇ ಆದ.

ಪೇಟಿಯ ಮೇಲಿನ ದೂರಿನಲ್ಲೂ ಸತ್ಯವಿತ್ತು ಅನ್ನಿ. ರೀಡು ಒಂದು ಸ್ವರಕ್ಕೆ ಕೂತರೆ ಕೂತಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದಕ್ಕೆ ಬರಲ್ಲ. ಮೇಲಾಗಿ ಪಾಶ್ಚಾತ್ಯರು ಒಂದು ಸಪ್ತಕವನ್ನು 12 ಸಮಪಾಲು ಮಾಡಿದ ಶ್ರುತಿ ಅದು. ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು 100 ಪಾಲು ಅಂತಿಟ್ಟುಕೊಂಡರೆ, ಆ ಪೇಟಿಯ ಶುದ್ಧ ಗಾಂಧಾರ ತಂಬೂರಿಯೊಳಗೆ ಕೇಳುವ ಗಾಂಧಾರಕ್ಕಿಂತ ಸುಮಾರು 14 ಪಾಲು ಮೇಲೆ ಕೂತಿರುತ್ತೆ. ಕಿವಿ ಪಳಗಿದವರಿಗೆ ಅದು ಹಲ್ಲಿನಲ್ಲಿ ಸಿಕ್ಕ ಕಲ್ಲು.

ಇದಕ್ಕೆ ಎಂಜಿನಿಯರಿಂಗ್ ಪರಿಹಾರ ಹುಡುಕಲು ಹೊರಟವರು ದೂರದವರಲ್ಲ, ಸಾಂಗ್ಲಿಯವರು. ಕೃಷ್ಣಾಜಿ ಬಲ್ಲಾಳ ದೇವಲ್ ಅಂತ, ನಿವೃತ್ತ ಡೆಪ್ಯುಟಿ ಕಲೆಕ್ಟರ್. 22 ಶ್ರುತಿಗಳ ಬಗ್ಗೆ 1910ರಲ್ಲಿ ಪುಸ್ತಕ ಬರೆದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರನ್ನು ಕೂರಿಸಿಕೊಂಡು ಸ್ವರಗಳನ್ನು ಅಳೆದರು. ಇ. ಕ್ಲೆಮೆಂಟ್ಸ್ ಅನ್ನುವ ಐಸಿಎಸ್ ಅಧಿಕಾರಿ ಜೊತೆಯಾದರು. 22 ಶ್ರುತಿ ನುಡಿಸಬಲ್ಲ ಹಾರ್ಮೋನಿಯಂ ಇಂಗ್ಲೆಂಡಿನಲ್ಲಿ ತಯಾರಾಯಿತು. 1916ರಲ್ಲಿ ಬರೋಡಾದಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆದಾಗ ಅದನ್ನು ಉಸ್ತಾದರ ಮುಂದೆ ಇಟ್ಟರು. ಉಸ್ತಾದರು ಒಪ್ಪಲಿಲ್ಲ. ಒಬ್ಬರ ಕಿವಿಯ ಕೋಮಲ ಇನ್ನೊಬ್ಬರ ಕಿವಿಯ ಕೋಮಲವಲ್ಲ, ಯಾವುದಕ್ಕೆ ಅಂತ ರೀಡು ಕೂರಿಸೋದು? ನನಗೆ ಈ ಇಡೀ ಪ್ರಸಂಗ ಬಹಳ ಇಷ್ಟ. ಡೇಟಾ ಸರಿಯಿತ್ತು, ಯಂತ್ರ ಸರಿಯಿತ್ತು, ಬಳಸುವವರನ್ನು ಕೇಳೋದು ತಡವಾಯಿತು. ಇವತ್ತಿನ ಎಷ್ಟು ಸರ್ಕಾರಿ ಆ್ಯಪ್‌ಗಳ ಕತೆ ಇದು!

ಬೀಳಗಿಯ ಹುಡುಗಿಯರಿಗೆ ಈ ಚರ್ಚೆಯ ಗೊಡವೆ ಇರುವ ಸಾಧ್ಯತೆ ಕಡಿಮೆ. ಅವರ ಮುಂದಿದ್ದ ಪ್ರಶ್ನೆ ಬೇರೆ: ಹೆಂಗಸು ರಂಗದ ಮೇಲೆ ಹತ್ತಬಹುದೋ ಇಲ್ಲವೋ. ಮರಾಠಿ ರಂಗಭೂಮಿಯಲ್ಲಿ ಆಗ ಸ್ತ್ರೀಪಾತ್ರದ ದೊಡ್ಡ ಹೆಸರು ಬಾಲಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ, ಗಂಡಸು. ಗಂಡಸು ಸೀರೆ ಉಟ್ಟರೆ ಅದು ಕಲೆ. ಹೆಂಗಸು ಹತ್ತಿದರೆ ಅವಳ ಮನೆತನದ ವಿಚಾರಣೆ. ಅಮೀರಬಾಯಿ ಮತ್ತು ಅವರ ಸಹೋದರಿ ಗೋಹರಬಾಯಿ ಇಬ್ಬರೂ ಕಂಪನಿ ನಾಟಕದ ಹಾದಿಯಲ್ಲೇ ಬೆಳೆದು, ಹರೆಯದಲ್ಲೇ ಮುಂಬೈ ಸೇರಿದರು. ಅಲ್ಲಿ ಎಚ್‌ಎಂವಿ ಅಮೀರಬಾಯಿಯಿಂದ ಒಂದು ಕವಾಲಿ ಹಾಡಿಸಿತು, ರೆಕಾರ್ಡು ಓಡಿತು.

ಇಬ್ಬರೂ ಹೆಸರಿನ ಕೊನೆಗೆ ಕರ್ನಾಟಕಿ ಅಂತ ಇಟ್ಟುಕೊಂಡರು. ಕನ್ನಡ ನಾಡು ಒಂದಾಗಿದ್ದು 1956ರಲ್ಲಿ, ಅದಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ. ಅದಕ್ಕೂ ದಶಕಗಳ ಮುಂಚೆ, ನಾಲ್ಕು ಸರ್ಕಾರದ ನಡುವೆ ಹುಟ್ಟಿದ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳು ಆ ಹೆಸರನ್ನು ಹಿಂದಿ ಸಿನಿಮಾದ ಪರದೆಗೆ ಒಯ್ದಿದ್ದರು. ಯಾರು ಅಸಲಿ ಕನ್ನಡಿಗರು ಅಂತ ಸರ್ಟಿಫಿಕೇಟ್ ಹಂಚುವವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಲಿ.

ಅಮೀರಬಾಯಿ 1934ರ ‘ವಿಷ್ಣು ಭಕ್ತಿ’ಯ ಮೂಲಕ ಪರದೆಗೆ ಬಂದರು. ಮಾತಿನ ಸಿನಿಮಾ ಹುಟ್ಟಿ ಆಗ ಮೂರೇ ವರ್ಷ. ನಟನೆಯ ಹೊತ್ತಿನಲ್ಲೇ ಹಾಡಬೇಕು, ವಾದ್ಯದವರು ಕ್ಯಾಮೆರಾಕ್ಕೆ ಕಾಣದ ಹಾಗೆ ಅವಿತು ನುಡಿಸಬೇಕು. ಮೊದಲೇ ಹಾಡು ಮುದ್ರಿಸಿ ಆಮೇಲೆ ತುಟಿ ಆಡಿಸುವ ಪದ್ಧತಿ 1935ರಿಂದ ಶುರುವಾಗಿ ನಿಧಾನಕ್ಕೆ ಬೇರು ಬಿಟ್ಟಿತು. ಡೇರೆಯ ಕೊನೇ ಸಾಲಿಗೆ ಎಸೆಯಲು ಪಳಗಿದ ದನಿ ಈಗ ಒಂದು ಗೇಣು ದೂರದ ಮೈಕಿಗೆ ಹಾಡಬೇಕು. ಎಷ್ಟೋ ರಂಗಗಾಯಕರಿಗೆ ಇದು ದಕ್ಕಲಿಲ್ಲ. ಅಮೀರಬಾಯಿಗೆ ದಕ್ಕಿತು. ಮಧ್ಯೆ ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ, ಹೇಳಿಕೊಳ್ಳುವಂಥ ಯಶಸ್ಸಿಲ್ಲ. 1940ರ ‘ನರಸಿ ಭಗತ್’ನಲ್ಲಿ ವಿಷ್ಣುಪಂತ ಪಾಗನೀಸರ ಜೊತೆ ನಟಿಸಿ ಹಾಡಿದರು, ಗಾಂಧೀಜಿಗೆ ಪ್ರಿಯವಾದ ನರಸಿ ಮೆಹ್ತಾರ ಭಜನೆ ಈ ಬೀಳಗಿಯ ಕಂಠದಲ್ಲೂ ದೇಶ ಸುತ್ತಿತು.

ಅದೇ 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ನಿಷೇಧಿಸಿತು. ಹಿನ್ನೆಲೆ ಸ್ವಾರಸ್ಯವಾಗಿದೆ. ದೆಹಲಿ ಕೇಂದ್ರದಲ್ಲಿದ್ದ ಇಂಗ್ಲಿಷ್ ಸಂಗೀತಕಾರ ಜಾನ್ ಫೌಲ್ಡ್ಸ್ 1938ರಲ್ಲಿ ಪೇಟಿಯ ವಿರುದ್ಧ ಲೇಖನ ಬರೆದಿದ್ದರು. ರವೀಂದ್ರನಾಥ ಟ್ಯಾಗೋರರಿಗೂ ಪೇಟಿ ಕಂಡರೆ ಆಗುತ್ತಿರಲಿಲ್ಲ, ರೇಡಿಯೊಗೆ ಪತ್ರ ಬರೆದರು. ನೆಹರೂ ಅವರಿಗೂ ಅದು ಸೇರುತ್ತಿರಲಿಲ್ಲ. ಅಂದರೆ ಭಾರತೀಯತೆಯನ್ನು ಕಾಪಾಡುವ ಈ ಕೆಲಸವನ್ನು ಬ್ರಿಟಿಷ್ ಅಧಿಕಾರಿಗಳೂ ರಾಷ್ಟ್ರೀಯ ನಾಯಕರೂ ಕೈ ಕೈ ಹಿಡಿದು ಮಾಡಿದರು. ಮೀಂಡ್ ಇಲ್ಲ, ಶ್ರುತಿ ತಪ್ಪು ಅನ್ನುವ ಕಾರಣಗಳು ಸರಿಯೇ. ಆದರೆ ಪೇಟಿಯನ್ನೇ ನಂಬಿದ್ದವರು ಯಾರು? ನಾಟಕದವರು, ಭಜನಿಯವರು, ಕವಾಲಿಯವರು, ಹಾಡಿ ಬದುಕುತ್ತಿದ್ದ ಹೆಂಗಸರು. ರೇಡಿಯೊದ ಬಾಗಿಲಲ್ಲಿ ಪೇಟಿ ಹೊರಗಿಟ್ಟು ಒಳಗೆ ಬನ್ನಿ ಅಂದಾಗ, ದರಬಾರಿನ ಗವಾಯಿಗೆ ನಷ್ಟವಾಗಲಿಲ್ಲ.

ಇದು ನನ್ನ ಎಳೆದಾಟ ಅನ್ನಿಸಿದರೆ ಮುಂದಿನ ಆದೇಶ ನೋಡಿ. 1946ರಲ್ಲಿ ಮಧ್ಯಂತರ ಸರ್ಕಾರದಲ್ಲಿ ಮಾಹಿತಿ ಖಾತೆ ಹೊತ್ತ ವಲ್ಲಭಭಾಯಿ ಪಟೇಲರ ಕಾಲದಲ್ಲಿ, ಖಾಸಗಿ ಬದುಕು ಹಗರಣದ್ದು ಅನ್ನಿಸಿದ ಕಲಾವಿದರಿಗೆ ರೇಡಿಯೊದಲ್ಲಿ ಅವಕಾಶವಿಲ್ಲ ಅಂತಾಯಿತು. ಅದು ಬಿದ್ದಿದ್ದು ವೃತ್ತಿಗಾಯಕಿಯರ ತಲೆಯ ಮೇಲೆ. ಮೊದಲು ಪೆಟ್ಟಿಗೆ ಅಶುದ್ಧ, ಆಮೇಲೆ ಹೆಂಗಸು ಅಶುದ್ಧ. 1952ರಲ್ಲಿ ಮಂತ್ರಿಯಾಗಿ ಬಂದ ಬಿ.ವಿ. ಕೇಸ್ಕರರ ಕಾಲಕ್ಕೆ ಸಿನಿಮಾ ಹಾಡೂ ಅಶುದ್ಧವಾಗಿ, ದೇಶವೆಲ್ಲ ರೇಡಿಯೊ ಸಿಲೋನಿನ ಕಡೆ ಕಿವಿ ತಿರುಗಿಸಿತು. 1957ರ ಅಕ್ಟೋಬರಿನಲ್ಲಿ ವಿವಿಧಭಾರತಿ ಶುರು ಮಾಡಿ ಸರ್ಕಾರ ತಪ್ಪು ತಿದ್ದಿಕೊಂಡಿತು, ಬಾಯಲ್ಲಿ ಒಪ್ಪದಿದ್ದರೂ.

ಈ ಎರಡು ಆದೇಶಗಳ ನಡುವೆ, 1943ರ ಜನವರಿಯಲ್ಲಿ, ‘ಕಿಸ್ಮತ್’ ಬಂತು. ಬಾಂಬೆ ಟಾಕೀಸಿನ ಚಿತ್ರ, ಗ್ಯಾನ್ ಮುಖರ್ಜಿ ನಿರ್ದೇಶನ, ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ, ಪ್ರದೀಪ್ ಸಾಹಿತ್ಯ. ಕಲ್ಕತ್ತೆಯ ರಾಕ್ಸಿಯಲ್ಲಿ ಅದು ಮೂರು ವರ್ಷಕ್ಕೂ ಮೀರಿ ಓಡಿತು. ಕ್ವಿಟ್ ಇಂಡಿಯಾ ಶುರುವಾಗಿ ಐದು ತಿಂಗಳು, ನಾಯಕರೆಲ್ಲ ಜೈಲಿನಲ್ಲಿ. ಹೊರಗಿನವರಿಗೆ ಈ ನೆಲ ಬಿಟ್ಟು ತೊಲಗಿ ಅನ್ನುವ ಹಾಡೊಂದು ಆ ಚಿತ್ರದಲ್ಲಿದೆ. ಸಾಹಿತ್ಯದಲ್ಲಿ ಜರ್ಮನಿ, ಜಪಾನಿನ ಹೆಸರು ಸೇರಿಸಿದ್ದರಿಂದ ಸೆನ್ಸಾರಿನವರು ಬಿಟ್ಟರು. ಟಾಕೀಸಿನಲ್ಲಿ ಕೂತ ಜನಕ್ಕೆ ಅದು ಯಾರಿಗೆ ಹೇಳಿದ್ದು ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಖಾನ್ ಮಸ್ತಾನಾ ಮತ್ತು ಕೋರಸ್ ಜೊತೆ ಅದನ್ನು ಹಾಡಿದವರು ಅಮೀರಬಾಯಿ. ಮೆರವಣಿಗೆಗೆ ಹೊರಟ ದನಿ ಅದು, ಡೇರೆಯ ದನಿ.

ಅದೇ ಚಿತ್ರದಲ್ಲಿ ಮಗು ಮಲಗಿದೆ, ಸದ್ದಿಲ್ಲದೆ ಬಾ ಅಂತ ಮೋಡಕ್ಕೆ ಹೇಳುವ ಜೋಗುಳವೂ ಇದೆ. ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೊಂದು ಕೇಳಿ. ಜೋಗುಳದಲ್ಲಿ ಅವರು ದನಿಯನ್ನು ಎಷ್ಟು ಇಳಿಸುತ್ತಾರೆ, ಉಸಿರು ಎಲ್ಲಿ ಬಿಡುತ್ತಾರೆ ಅನ್ನೋದು ಗಮನಿಸಿ. ಆ ಕಾಲದಲ್ಲಿ ಟ್ರ್ಯಾಕ್ ಬೇರೆ ಬೇರೆ ಮಾಡಿ ಆಮೇಲೆ ಹೊಂದಿಸುವ ಅನುಕೂಲ ಇರಲಿಲ್ಲ. ಇಡೀ ವಾದ್ಯಮೇಳ, ಹಾಡುವವರು ಒಟ್ಟಿಗೆ ನಿಂತು ಒಂದೇ ಟೇಕಿನಲ್ಲಿ ಮುಗಿಸಬೇಕು. ದನಿ ಜಾಸ್ತಿ ಆದರೆ ಒಂದು ಹೆಜ್ಜೆ ಹಿಂದೆ, ಕಡಿಮೆ ಆದರೆ ಒಂದು ಹೆಜ್ಜೆ ಮುಂದೆ. ಗಾಯಕಿಯ ಕಾಲೇ ವಾಲ್ಯೂಮ್ ಬಟನ್. ರೀಡು ಕೊಡಲಾಗದ ಜಾರು, ಮೀಂಡ್ ಎಲ್ಲ ಕಂಠದ ಪಾಲಿಗೆ ಬಂದ ಕೆಲಸ. ಪೇಟಿ ಹಿಡಿದು ಹಾಡುವವರ ಸಂಪ್ರದಾಯದಲ್ಲಿ ಸ್ವರದ ಮೇಲೆ ನೇರವಾಗಿ ಕಾಲೂರಿ, ಆಮೇಲೆ ಅಲ್ಲಿಂದ ಸರಿಯುವ ಒಂದು ರೀತಿ ಇದೆ. ಅಮೀರಬಾಯಿಯಲ್ಲಿ ಅದು ನನಗೆ ಸ್ಪಷ್ಟವಾಗಿ ಕೇಳುತ್ತೆ. ಯಂತ್ರದ ಕೊರತೆಯೇ ಶೈಲಿಯಾಗಿ ಬಿಟ್ಟಿದೆ ಅಂತ ನನ್ನ ಅಭಿಪ್ರಾಯ. ಸಂಗೀತ ಪಂಡಿತರು ಒಪ್ಪದಿರಲಿ.

‘ಕಿಸ್ಮತ್’ ಆದಮೇಲೆ ಐದಾರು ವರ್ಷ ಅವರದ್ದೇ. 1944ರ ‘ರತನ್’ನಲ್ಲಿ ನೌಷಾದರಿಗೆ ಹಾಡಿದರು. 1946ರ ‘ರಾಣಕದೇವಿ’ಗೆ ಹಾಡಿದ ಗುಜರಾತಿ ಹಾಡು ಗುಜರಾತಿನಲ್ಲಿ ಇನ್ನೂ ಜೀವಂತ. ಕನ್ನಡದಲ್ಲೂ ಹಾಡಿದರು, ಕನ್ನಡ ಕೋಗಿಲೆ ಅನ್ನಿಸಿಕೊಂಡರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಇದನ್ನು ಬೇಗ ದಾಟಿ ಹೋಗಬಾರದು. ಹಾಡುವ ಹೆಂಗಸನ್ನು ಉದ್ಯಮ ಒಪ್ಪಿಕೊಂಡಿತ್ತು. ಮಟ್ಟು ಹಾಕಿ, ವಾದ್ಯದವರಿಗೆ ಹೀಗೆ ನುಡಿಸಿ ಅನ್ನುವ ಹೆಂಗಸನ್ನು ಬೆರಳೆಣಿಕೆಯಷ್ಟೇ ಕಂಡಿತ್ತು. ಇವತ್ತಿಗೂ ನಮ್ಮ ಸಿನಿಮಾಗಳ ಟೈಟಲ್ ಕಾರ್ಡ್ ನೋಡಿದರೆ ಲೆಕ್ಕ ಬಹಳ ಬದಲಾಗಿಲ್ಲ.

ಮನೆಯೊಳಗಿನ ಬದುಕು ಹಾಡಿನ ಹಾಗಿರಲಿಲ್ಲ. ಖಳನಟ ಹಿಮಾಲಯವಾಲಾ ಜೊತೆಗಿನ ಮದುವೆ ಹಿಂಸೆಯದ್ದಾಗಿತ್ತು. ಗಳಿಸುವವಳು ಹೆಂಡತಿ, ಆಳುವವನು ಗಂಡ. ಅಮೀರಬಾಯಿ ಅದರಿಂದ ಹೊರಬಂದರು, ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಕನ್ನಡದಲ್ಲಿ ಅವರ ಬದುಕನ್ನು ಹುಡುಕಿ ಪುಸ್ತಕ ಮಾಡಿದ ರಹಮತ್ ತರೀಕೆರೆ ಅವರಿಗೆ ನಾವು ಋಣಿ. ಇಲ್ಲದಿದ್ದರೆ ಹಳೇ ರೆಕಾರ್ಡಿನ ಲೇಬಲ್ ಮೇಲೆ ಮಾತ್ರ ಈ ಹೆಸರು ಉಳಿಯುತ್ತಿತ್ತು.

ಗೋಹರಬಾಯಿಯ ಪಾಡು ಇನ್ನೊಂದು ಬಗೆ. (ರಣಜಿತ್ ಸ್ಟುಡಿಯೊದ ಗೋಹರ್ ಬೇರೆ, ಇವರು ಬೇರೆ, ಗೂಗಲ್ ಎರಡನ್ನೂ ಕಲಸುತ್ತೆ.) 1938ರಲ್ಲಿ ಅವರು ಬಾಲಗಂಧರ್ವರ ಕಂಪನಿ ಸೇರಿದರು. ಅಷ್ಟು ವರ್ಷ ಬಾಲಗಂಧರ್ವ ನಟಿಸಿದ್ದ ಪಾತ್ರಗಳಿಗೆ ಈಗ ನಿಜವಾದ ಹೆಂಗಸು ಬಂದಳು. 1951ರಲ್ಲಿ ಇಬ್ಬರೂ ಮದುವೆಯಾದರು. ಅಭಿಮಾನಿಗಳು ಕೆರಳಿದರು. ಕಂಪನಿಯ ಸಾಲ, ಸಿನಿಮಾದ ಹೊಡೆತ, ನಟರಾಜನ ವಯಸ್ಸು, ಎಲ್ಲದಕ್ಕೂ ಹೊಣೆ ಒಬ್ಬ ಮುಸ್ಲಿಂ ಗಾಯಕಿಯ ತಲೆಗೆ ಕಟ್ಟಿದರು. ಸೀರೆ ಉಟ್ಟ ಗಂಡಸನ್ನು ಅಸಲಿ ಹೆಣ್ಣು ಅಂತ ಪೂಜಿಸಿದ ಪ್ರೇಕ್ಷಕರಿಗೆ, ರಂಗದ ಮೇಲೆ ಬಂದ ಹೆಣ್ಣು ನಕಲಿ ಅನ್ನಿಸಿದಳು.

1949, 50ರ ಹೊತ್ತಿಗೆ ಲತಾ ಮಂಗೇಶ್ಕರರ ಎತ್ತರದ ಸಣ್ಣ ದನಿ ಬಂತು, ಅಮೀರಬಾಯಿ, ಜೊಹ್ರಾಬಾಯಿಯರ ದಪ್ಪ ಕಂಠ ಹಳೆಯದಾಯಿತು. ಅಮೀರಬಾಯಿ ತಾಯಿ, ಅತ್ತೆಯಂಥ ಪಾತ್ರಗಳಿಗೆ ತಿರುಗಿದರು. ಅದೇ ಹೊತ್ತಿಗೆ ಸ್ಟುಡಿಯೊಗಳಿಗೆ ಹೊಸ ಯಂತ್ರ ಹೊಕ್ಕಿತು. ಫ್ರಾನ್ಸಿನ ಕಾನ್‌ಸ್ತಾಂ ಮಾರ್ತೆಂ 1947ರಲ್ಲಿ ಮಾಡಿದ ಕ್ಲಾವಿಯೊಲಿನ್: ವಾಲ್ವ್ ಹಾಕಿದ, ಒಂದು ಸಲಕ್ಕೆ ಒಂದೇ ಸ್ವರ ಕೊಡುವ ಎಲೆಕ್ಟ್ರಾನಿಕ್ ಕೀಬೋರ್ಡ್. ಇವತ್ತಿನ ಸಿಂಥಸೈಜರ್‌ಗಳ ಅಜ್ಜ ಅನ್ನಬಹುದು. 1954ರ ‘ನಾಗಿನ್’ ಚಿತ್ರದಲ್ಲಿ ಹೇಮಂತ್ ಕುಮಾರ್ ಸಂಗೀತಕ್ಕೆ ಕಲ್ಯಾಣಜಿ ಅದರ ಮೇಲೆ ಪುಂಗಿಯ ಧಾಟಿ ನುಡಿಸಿದರು, ರವಿ ಹಾರ್ಮೋನಿಯಂ ಜೊತೆಗೂಡಿಸಿದರು. ದೇಶ ಹುಚ್ಚಾಯಿತು. ಅಂದಿನಿಂದ ನಮ್ಮ ಕಿವಿಯೊಳಗಿನ ಪುಂಗಿ ಹಾವಾಡಿಗನ ಸೋರೆಬುರುಡೆಯದ್ದಲ್ಲ, ಆ ಫ್ರೆಂಚ್ ಯಂತ್ರ ಮತ್ತು ಒಂದು ಪೇಟಿಯದ್ದು. ಬನಹಟ್ಟಿಯ ರಸಮಂಜರಿಯಲ್ಲಿ ಅಸಲಿ ಪುಂಗಿ ಟೋನ್ ಅಂತ ಪರೀಕ್ಷೆ ಮಾಡೋದು ಅದನ್ನೇ.

ಅಮೀರಬಾಯಿ ದುಡಿದ ದುಡ್ಡು ಪೂರ್ತಿ ಮುಂಬೈಯಲ್ಲೇ ಕರಗಲಿಲ್ಲ. ಬಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎದ್ದಿತು. ಊರಿನವರು ಸಿನಿಮಾಕ್ಕೆ ಹೋಗುವಾಗ ಆ ಹೆಸರು ಬಾಯಲ್ಲಿ ಬರುತ್ತಿತ್ತು, ಹಾಡು ಮರೆತವರಿಗೂ. ಕೊನೆಯಲ್ಲಿ ಪಾರ್ಶ್ವವಾಯು ಬಡಿಯಿತು. 1965ರ ಮಾರ್ಚ್ 3ರಂದು ತೀರಿಕೊಂಡರು. ಆಕಾಶವಾಣಿ ಪೇಟಿಯನ್ನು ಒಳಗೆ ಬಿಟ್ಟುಕೊಂಡಿದ್ದು 1971ರಲ್ಲಿ, ಅದೂ ಪಕ್ಕವಾದ್ಯವಾಗಿ ಮಾತ್ರ, ಒಂಟಿಯಾಗಿ ನುಡಿಸುವ ಹಾಗಿಲ್ಲ ಅನ್ನುವ ಷರತ್ತಿನ ಮೇಲೆ.